ಶಬ್ದ ಎಂಬ ಕಾಲಂ

ಬೆಳಿಗ್ಗೆ ಏಳಕ್ಕೆ ಷಟರ್ ಏರಿಸಿದರೆ ಸಾಕು,
ಡುಲೂತಿನ ಚಳಿ ಮೊದಲ ಗಿರಾಕಿಯ ಹಾಗೆ ಒಳನುಗ್ಗುತ್ತದೆ.
ಅದರ ಬೆನ್ನಿಗೆ ಉಪ್ಪು ಮೆತ್ತಿದ ಕಾರುಗಳು,
ರಾತ್ರಿಯೆಲ್ಲ ಸರೋವರದ ಗಾಳಿ ಕುಡಿದು ಮೊಂಡು ಹಿಡಿದವು.
ಹದಿನೇಳು ವರ್ಷದಿಂದ ಈ ಕೌಂಟರಿನ ಹಿಂದೆ ನಿಂತಿದ್ದೇನೆ,
ಎದೆಯ ಮೇಲೆ ವರ್ನ್ ಎಂಬ ಬಿಲ್ಲೆ,
ಬಾಯಲ್ಲಿ ಒಂದೇ ಪ್ರಶ್ನೆ: ಏನಾಗಿದೆ?

ಆಗ ಶುರುವಾಗುತ್ತದೆ ಕಚೇರಿ.

ನಿವೃತ್ತ ಹೆಡ್‌ಮಾಸ್ತರು ಕೋಟಿನ ಗುಂಡಿ ಸರಿಮಾಡಿಕೊಂಡು
ಹಲ್ಲು ಕಚ್ಚಿ ಕಿರ್ರ್ ಅನ್ನುತ್ತಾರೆ.
ಎಡಕ್ಕೆ ಹೊರಳಿದಾಗ ಮಾತ್ರ, ಎಂದು
ಬಲಕ್ಕೆ ಹೊರಳಿ, ಮೌನವನ್ನೂ ಅಭಿನಯಿಸುತ್ತಾರೆ.
ಅದಿರಿನ ಹಡಗಿನ ಅಡುಗೆಯವನು ಲೊಡಲೊಡ ಅಂದ.
ಅಲ್ಲ, ಗಡಗಡ, ಅಂದಳು ಹೆಂಡತಿ.
ಕುರ್ಚಿಗೆ ಹೋಗಿ ಕೂತ ಮೇಲೂ ಆ ಜಗಳ ಮುಗಿಯಲಿಲ್ಲ.
ರಾತ್ರಿ ಪಾಳಿ ಮುಗಿಸಿ ಬಂದ ದಾದಿ
ತಗ್ಗಿದ ದನಿಯಲ್ಲಿ ಹೇಳಿದಳು:
ಕೊನೆಗಾಲದಲ್ಲಿ ಗಂಟಲೊಳಗೆ ಗೊರಗೊರ ಬರುತ್ತಲ್ಲ, ಅಂಥದ್ದು.
ಬರೆದುಕೊಂಡೆ: ಶಬ್ದ.

ಫಾರ್ಮಿನಲ್ಲಿರುವುದೇ ಅಷ್ಟು ಜಾಗ.

ಮಧ್ಯಾಹ್ನ ಒಳಗಿನಿಂದ ಅದೇ ಫಾರ್ಮು ವಾಪಸು:
ಗಿರಾಕಿ ಹೇಳಿದ ಶಬ್ದ ಕೇಳಿಬರಲಿಲ್ಲ.
ಡಾಕ್ಟರ ಬಾಗಿಲಲ್ಲೇ ಮಾಯವಾಗುವ ಹಲ್ಲುನೋವಿನ ಜಾತಿ.
ಕೇಳದ ಶಬ್ದಕ್ಕೂ ನೂರೈವತ್ತು ಡಾಲರು, ಹುಡುಕಿದ ಕೂಲಿ.
ಅದನ್ನು ಹೇಳುವ ಕೆಲಸ ನನ್ನದು.
ಹೇಳುವಾಗ ಪ್ರಿಂಟರಿನ ಕಡೆ ನೋಡುತ್ತೇನೆ.
ಕಾಫಿ ಪುಕ್ಕಟೆ, ಕಿವಿ ಮಾತ್ರ ಬಾಡಿಗೆಗೆ, ಅಂದಿದ್ದರು ಒಬ್ಬರು.

ಲೆಂಪಿ ಹಿಯೆತಲಾ ಫೆಬ್ರವರಿಯಲ್ಲಿ ಬಂದದ್ದು ಮೂರನೆಯ ಸಲ.
ಹುಟ್ಟಿನಿಂದಲೂ ಅವಳಿಗೆ ಕಿವಿ ಕೇಳದು.
ಹಿಂದಿನ ಎರಡೂ ಸಲ ಚೀಟಿಯಲ್ಲಿ ಬರೆದು ತಂದಿದ್ದಳು:
ಕಾರು ನಡುಗುತ್ತಿದೆ.
ಎರಡೂ ಸಲ ನಾನು ಕಾಲಂ ತುಂಬಿದ್ದೆ: ಶಬ್ದ.
ಎರಡೂ ಸಲ ಕೇಳಿಬರಲಿಲ್ಲ. ಕೆಳಗೆ ನನ್ನದೇ ಸಹಿ.

ಈ ಸಲ ಚೀಟಿ ಇರಲಿಲ್ಲ.
ಕೈಗವಸು ಕಳಚಿದಳು. ನನ್ನ ಮುಂಗೈ ಎಳೆದು
ಕೌಂಟರಿನ ಮೇಲಿಟ್ಟು ಬೆರಳಿಂದ ಬಾರಿಸತೊಡಗಿದಳು.
ಮೊದಲು ಬಿಡಿಬಿಡಿ,
ಬಂದರಿನಲ್ಲಿ ಹಡಗಿನ ಹೊಟ್ಟೆಗೆ ಬೀಳುವ ಮೊದಲ ಗೋಧಿಕಾಳುಗಳ ಹಾಗೆ.
ಆಮೇಲೆ ಗೋಧಿಯೇ.
ನನ್ನ ಕೈಯನ್ನು ಎಡಕ್ಕೆ ವಾಲಿಸಿದಳು, ಜೋರು.
ಬಲಕ್ಕೆ, ಏನಿಲ್ಲ.
ಸಾಲಿನಲ್ಲಿದ್ದವರು ಯಾರೂ ಗಡಿಯಾರ ನೋಡಲಿಲ್ಲ.

ಆ ಕೈಯನ್ನು ಹಾಗೇ ಹಿಡಿದುಕೊಂಡು,
ತುಳುಕುವ ಲೋಟ ಒಯ್ಯುವವನಂತೆ,
ಹಿಂದಿನ ಷೆಡ್ಡಿಗೆ ನಡೆದೆ.
ಕಾಂಗ್‌ಮೆಂಗ್ ಲೋರ್ ಲಿಫ್ಟಿನಡಿಯಿಂದ ಬಂದು
ಎಣ್ಣೆಯ ಅಂಗೈ ಚಾಚಿದ.
ಬಾರಿಸಿದೆ. ತಪ್ಪಿತು.
ಇನ್ನೊಮ್ಮೆ.
ಅವನು ಕಣ್ಣು ಮುಚ್ಚಿಕೊಂಡೇ ಅಂದ:
ಬಲಗಡೆ, ಮುಂದಿನ ಚಕ್ರ, ಬೇರಿಂಗು.
ಕಣ್ಣು ಬಿಟ್ಟು ಅಂದ:
ಇದನ್ನು ಮೊದಲೇ ಹೇಳಬಾರದಿತ್ತೇ?

ಹಳೆಯ ಎರಡು ಕೂಲಿಯನ್ನೂ ವಜಾ ಮಾಡಿ ಎಂದು
ಮ್ಯಾನೇಜರನ ಬಾಗಿಲಲ್ಲಿ ನಿಂತೆ.
ಒಂದಕ್ಕೆ ಒಪ್ಪಿದ.
ಸಂಜೆ ಲೆಂಪಿ ಬಿಲ್ಲನ್ನು ಸಾಲುಸಾಲಾಗಿ ಓದಿ, ಹಣ ತೆತ್ತು,
ಎಂಜಿನ್ ಹಚ್ಚಿ, ಸ್ಟೇರಿಂಗಿನ ಮೇಲೆ ಅಂಗೈ ಊರಿ
ಅಲ್ಲೇ ಸುತ್ತಿದಳು, ಲಾಟಿನೊಳಗೆ ಮೂರು ಸುತ್ತು.
ಹಿಮದಲ್ಲಿ ಎಡಕ್ಕೆ ಎಡಕ್ಕೆ ಎಡಕ್ಕೆ ಗೀರು.
ಹೋದಳು. ಕೈ ಬೀಸಲಿಲ್ಲ.

ಮಾರನೆಯ ದಿನ ಕಂಪನಿಯ ಯಂತ್ರ
ನಿಯಮದ ಪ್ರಕಾರ ಅವಳಿಗೆ ಫೋನು ಮಾಡಿತು:
ನಿಮ್ಮ ಅನುಭವ ಹೇಗಿತ್ತು?
ಬೀಪ್ ಆದ ನಂತರ, ಒಂದರಿಂದ ಹತ್ತರೊಳಗೆ
ಗಟ್ಟಿಯಾಗಿ ಹೇಳಿ.
ಉತ್ತರವಿಲ್ಲವೆಂದು ನನ್ನ ಲೆಕ್ಕಕ್ಕೆ ಸೊನ್ನೆ ಬಿತ್ತು.

ಬೀಳಲಿ.
ಫಾರ್ಮಿನಲ್ಲಿ ಇವತ್ತೂ ಅಷ್ಟೇ ಜಾಗ.
ನಾನೀಗ ಅಂಚಿನಲ್ಲಿ ಬರೆಯುತ್ತೇನೆ, ಕೊಕ್ಕೆ ಅಕ್ಷರದಲ್ಲಿ:
ಲೊಡಲೊಡ.
ಹೆಂಡತಿಯ ಪ್ರಕಾರ ಗಡಗಡ.